ನಡತೆ

ಮೇಯೋ ಹಾಲ್ ಕೋರ್ಟಿನ ಹತ್ತಿರ, ಝೆರಾಕ್ಸ್ ಅಂಗಡಿಯ
ಮೆಟ್ಟಿಲ ಕೆಳಗೆ ನನ್ನ ಟೇಬಲ್ಲು. ಪುಟಕ್ಕೆ ಮೂವತ್ತು ರೂಪಾಯಿ.
ಬೋರ್ಡಿನಲ್ಲಿ ಬರೆದಿದ್ದೇನೆ: ತಪ್ಪು ನನ್ನದಾದರೆ
ಮತ್ತೆ ಟೈಪು ಮಾಡಿಕೊಡುತ್ತೇನೆ, ಪುಕ್ಕಟೆ.
ತಪ್ಪು ನಿಮ್ಮದಾದರೆ ಹತ್ತು ಹೆಚ್ಚು.

ಯಲಗೂರದಪ್ಪ ಬಂದದ್ದು ರಾತ್ರಿ ಪಾಳಿ ಮುಗಿಸಿ
ಹೆಣ್ಣೂರಿನ ಯಾವುದೋ ಅಪಾರ್ಟ್‌ಮೆಂಟಿನ ಗೇಟಿನಿಂದ ನೇರ,
ಸೆಕ್ಯೂರಿಟಿ ಅಂಗಿಯ ಮೇಲೆ ಸ್ವೆಟರ್ ಎಳೆದುಕೊಂಡು.
ಎರಡು ಪ್ಲಾಸ್ಟಿಕ್ ಕವರು ಬಿಚ್ಚಿ ತೆಗೆದ
ಡಿಸ್ಚಾರ್ಜ್ ಬುಕ್ಕು. ರಟ್ಟು ಸವೆದಿದೆ, ಅಂಚಿಗೆ ಎಣ್ಣೆ ಕಲೆ.
ಒಂದು ಪುಟ ಮಾತ್ರ ಹೊಚ್ಚ ಹೊಸದು.
ಯಾರಿಗೂ ತೋರಿಸದ ಪುಟ
ಹಾಗೇ ಇರುತ್ತದೆ.

ಸೇವೆ: ಆರು ವರ್ಷ ನಾಲ್ಕು ತಿಂಗಳು ಹನ್ನೊಂದು ದಿನ.
ಬಿಡುಗಡೆಗೆ ಕಾರಣ: ಇನ್ನು ಬೇಕಾಗಿಲ್ಲ.
ನಡತೆ: ಸಾಧಾರಣ.
ಕೆಂಪು ಶಾಯಿಯ ನಾಲ್ಕು ನಮೂದು.

‘ಲಾಯರು ಇಂಗ್ಲಿಷಿಗೆ ಮಾಡ್ಕೋತಾರಂತ.
ಮೊದಲ ನಿನ್ನ ಮಾತಿನ್ಯಾಗ ಬರೆಸ್ಕೊಂಡು ಬಾ ಅಂದ್ರು.’
ಲಾಯರ ಪೆನ್ಸಿಲ್ ಟಿಪ್ಪಣಿ ಜೊತೆಗಿತ್ತು:
ಔಷಧವೆಂದು ನಂಬಿ, ಅರಿವಿಲ್ಲದೆ ಸೇವಿಸಿದ್ದು—
‘ಅದನ್ನ ಹೊಡದು ಹಾಕ್ರಿ ಅಕ್ಕಾರ. ಅರಿವು ಇತ್ತು.

‘ಬೆನ್ನಿಗಿ ಗುಳಿಗಿ ಕೊಟ್ಟಿದ್ರು.
ಗುಳಿಗಿ ಮುಗಿದ್ವು, ನೋವು ಮುಗೀಲಿಲ್ಲ.
ಹೇಸರಗತ್ತಿ ಹೊಡಿಯೋ ಹುಡುಗ ಒಬ್ಬಾಂವ
ಬೆಂಕಿಪೆಟ್ಟಿಗಿಯೊಳಗ ಕರ್ರಗಿಂದು ತಂದ.
ಆವತ್ತ ನಿದ್ದಿ ಬಂತು. ಬಿಜೊಯ್ ಬರಲಿಲ್ಲ.
ಮರುದಿನಾನೂ ಸೇದಿದೆ.’

ಬಿಜೊಯ್ ಯಾರು, ಕೇಳಿದೆ.
ನನ್ನ ಸ್ಟೇಪ್ಲರ್ ಎತ್ತಿ ನೋಡಿ, ಇಟ್ಟ.
‘ಹನ್ನೊಂದು ತಾಸು ಹೊತ್ಕೊಂಡು ನಡದೆ. ಅಷ್ಟ ಬರೀರಿ.
ಉಳದದ್ದು ಬ್ಯಾಡ. ಅವರ ಅವ್ವಗ ಬ್ಯಾರೆ ಹೇಳೀನಿ.’

ಹನ್ನೊಂದು ತಾಸು, ಮೊಣಕಾಲ ಹಿಮದಲ್ಲಿ,
ಬೆನ್ನ ಮೇಲೆ ಇನ್ನೊಬ್ಬನ ತೂಕ.
ಅದನ್ನು ಯಾವ ಶಾಯಿಯಲ್ಲೂ ಯಾರೂ ಬರೆದಿಲ್ಲ.
ನಡೆದವನ ನಡತೆ ಸಾಧಾರಣವಂತೆ.
ಇದನ್ನು ಲಾಯರಿಗೆ ಹೇಳೋಣವೆಂದುಕೊಂಡೆ,
ಆದರೆ ಇಂಗ್ಲಿಷಿನ ಆ ಪದಕ್ಕೆ
ಕಾಲುಗಳಿಲ್ಲ.

ಒಂಬತ್ತು ವರ್ಷ ತಡ. ತಡಕ್ಕೆ ಕಾರಣ ಕೊಡಬೇಕು.
ಕಾರಣವಿಲ್ಲದೆ ಯಾವ ಕಚೇರಿಯೂ ಕದ ತೆಗೆಯದು.
ಬಹಳ ಹೊತ್ತು ರಸ್ತೆ ನೋಡಿದ. ಆಮೇಲೆ:
‘ಜನವರಿ ಇಪ್ಪತ್ತಾರು. ಅಪಾರ್ಟ್‌ಮೆಂಟಿನ್ಯಾಗ ಬಾವುಟ.
ರಿಟೈರಾದ ಕರ್ನಲ್ ಸಾಹೇಬ್ರು ನನ್ನ ಕಾಲ ನೋಡಿದ್ರು.
ಹಿಮ್ಮಡಿ ತಾವ ಕೂಡಿದ್ವು, ಅಕ್ಕಾರ, ನಾ ಕೂಡಿಸಿದ್ದಲ್ಲ.
ಯಾವ ಪಲ್ಟನ್ನು, ಕೇಳಿದ್ರು.
ನಾ ಮಿಲಿಟರ‍್ಯಾಗ ಇರಲಿಲ್ಲ ಸಾರ್, ಅಂದೆ.’

ಇದು ಕಾರಣವಾಗುತ್ತದೋ ಇಲ್ಲವೋ ಗೊತ್ತಿಲ್ಲ.
ಹೇಳಿದ ಹಾಗೆಯೇ ಟೈಪು ಮಾಡಿದೆ.

ಕೊನೆಗೆ ಕೋರಿಕೆ. ನಡತೆಯ ಮುಂದೆ ಏನು ಬೇಕು?
ಉತ್ತಮ? ಅತ್ಯುತ್ತಮ? ಎಲ್ಲರೂ ದೊಡ್ಡದನ್ನೇ ಕೇಳುತ್ತಾರೆ,
ಕೊಡುವವರು ಕಡಿಮೆ ಮಾಡಲಿ ಎಂದು.
ಶಿವಾಜಿನಗರದ ಬಸ್ಸೊಂದು ನಿಂತು, ಕೆಮ್ಮಿ, ಹೋಯಿತು.
‘ಸಾಧಾರಣ ಅನ್ನೂದು ಸುಳ್ಳಲ್ರಿ.
ಬರೇ ಅದೊಂದ ಅಲ್ಲ,
ಅಂತ ಬರೀರಿ.’

ಅಂಥ ಕಾಲಮ್ಮು ಯಾವ ಫಾರಮ್ಮಿನಲ್ಲೂ ಇಲ್ಲ.
ಬರೆದೆ.

ಎರಡು ಪುಟ, ಅರವತ್ತು ಅಂದೆ.
ಎಪ್ಪತ್ತು ಎಣಿಸಿ ಸ್ಟೇಪ್ಲರಿನ ಕೆಳಗಿಟ್ಟ.
ಚಿಲ್ಲರೆ ಹುಡುಕಿ ತಲೆ ಎತ್ತುವಷ್ಟರಲ್ಲಿ
ಅವನಾಗಲೇ ಸಿಗ್ನಲ್ಲಿನಲ್ಲಿದ್ದ, ಎಡಗಾಲು ತುಸು ಎಳೆಯುತ್ತ.
ಎರಡೂ ಕಡೆ ಗಾಡಿಯಿಲ್ಲ. ಜನ ನುಗ್ಗಿ ದಾಟುತ್ತಿದ್ದರು.
ಅವನೊಬ್ಬ ನಿಂತಿದ್ದ,
ದೀಪ ಬದಲಾಗಲೆಂದು.